ಎದುರಿಗೆ ಕೂತವಳು

ಎರಡನೆಯ ಚೊಂಬು ನೀರು ಮಾವನ ತಲೆಯ ಮೇಲೆ ಬೀಳುವಷ್ಟರಲ್ಲಿ ಸೊಸೆ ಅಡುಗೆಮನೆಯಿಂದ ಓಡಿಬಂದು ಕೈ ಅಡ್ಡ ಹಿಡಿದಳು.

"ತಡೀರಿ. ಹತ್ತಿ ಇಟ್ಟಿಲ್ಲ. ಕಿವಿಗೆ ನೀರು ಹೋಗತ್ತೆ."

ಚೊಂಬು ಹಿಡಿದಿದ್ದ ಎದುರುಮನೆಯ ಟೈಲರು ಕೈ ಎತ್ತಿದವನು ಹಾಗೇ ನಿಂತ. ಹಿತ್ತಲಿನ ಬೆಂಚನ್ನು ಸುತ್ತುವರಿದಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸತ್ತವರ ಕಿವಿಗೆ ನೀರು ಹೋದರೆ ಏನಾಗುತ್ತದಮ್ಮಾ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅವಳು ಎಂದಿನಂತೆ ಹತ್ತಿಯನ್ನು ಉಂಡೆ ಮಾಡಿ, ವ್ಯಾಸಲೀನಿನ ಡಬ್ಬಿಗೆ ಒತ್ತಿ, ಮೊದಲು ಎಡಗಿವಿಗೆ ಆಮೇಲೆ ಬಲಗಿವಿಗೆ ಇಟ್ಟು, ಹೆಬ್ಬೆರಳಿನಿಂದ ಮೆತ್ತಗೆ ಅದುಮಿದಳು. ಈಗ ಹಾಕಿ ಎಂದು ಹೇಳಿ ಒಳಗೆ ಹೋದಳು.

ಒಲೆಯ ಮುಂದೆ ನಿಂತ ಮೇಲೆ ತಾನು ಮಾಡಿದ್ದೇನು ಎಂಬುದು ಹೊಳೆಯಿತು. ನಾಚಿಕೆಯಾಗಬೇಕಿತ್ತು, ಇಲ್ಲವೇ ಅಳುವಾದರೂ ಬರಬೇಕಿತ್ತು. ಎರಡೂ ಆಗಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಬೆಳಗಿನಿಂದ ಅವಳಿಗೆ ಮೈಯೆಲ್ಲ ಹಾಗೇ ಇತ್ತು. ಟೀ ಉಕ್ಕಿ ಒಲೆಗೆ ಬಿತ್ತು. ಅವಳು ಒರೆಸಿ ಮತ್ತೆ ಪಾತ್ರೆ ಇಟ್ಟಳು.

ಹಜಾರದಲ್ಲಿ ಜನ ತುಂಬಿದ್ದರು. ಇಡೀ ಬೀದಿಗೆ ಹಿಟ್ಟು ಬೀಸಿಕೊಟ್ಟ ಮನುಷ್ಯ; ಅವನ ಗಿರಣಿಯ ಮುಂದೆ ಸರದಿ ನಿಲ್ಲದ ಮನೆ ಆ ಸುತ್ತಿನಲ್ಲಿರಲಿಲ್ಲ. ಬಂದವರೆಲ್ಲ ಮಾಮೂಲಿನಂತೆ ಮೊದಲು ಒಳ್ಳೆಯವರು ಅಂದರು, ಆಮೇಲೆ ಪಾಪ ಅಂದರು, ಕೊನೆಗೆ ಕಿವಿಯ ಸುದ್ದಿಗೆ ಬಂದರು. ಒಬ್ಬರು, ಅವರ ಹತ್ತಿರ ಮಾತಾಡುವುದೂ ಗೋಡೆಯ ಹತ್ತಿರ ಮಾತಾಡುವುದೂ ಒಂದೇ ಆಗಿತ್ತು ಎಂದು ಹೇಳಿ ನಕ್ಕು, ನಕ್ಕದ್ದನ್ನು ಮುಚ್ಚಿಕೊಳ್ಳಲು ಕೆಮ್ಮಿದರು.

ಹೆಣ ಒಳಗೆ ತಂದು ಮಲಗಿಸಿದ ಹೊತ್ತಿಗೆ ಸರಿಯಾಗಿ ನಾದಿನಿ ಬಂದಳು. ಬಂದವಳು ಚೀಲವನ್ನು ಬಾಗಿಲಲ್ಲೇ ಬಿಟ್ಟು, ಅಪ್ಪನ ಬಲಗಿವಿಗೆ ಬಾಯಿ ಹಚ್ಚಿ, "ಅಪ್ಪಾ, ನಾನು ಬಂದಿದ್ದೀನಿ, ನಾನು" ಎಂದು ಕಿರುಚಿದಳು. ಅಳುವ ಕಿರುಚಾಟವಲ್ಲ, ಬದುಕಿದ್ದಾಗ ಹೇಗೆ ಕಿರುಚುತ್ತಿದ್ದಳೋ ಹಾಗೇ. ಆ ಮನೆಯಲ್ಲಿ ಎಲ್ಲರದೂ ಅದೇ ಅಭ್ಯಾಸ. ಮಗ ಆದರೂ ಅಷ್ಟೆ, ನಂಟರಿಷ್ಟರು ಆದರೂ ಅಷ್ಟೆ. ಕಿವುಡರಲ್ಲವೇ, ಪಾಪ ಎಂದು ಪಕ್ಕಕ್ಕೆ ಬಂದು, ಬಗ್ಗಿ, ಕಿವಿಯೊಳಗೇ ಕೂಗುವುದು. ಮಾವ "ಹ್ಞಾಂ?" ಎನ್ನುವುದು. ಇನ್ನಷ್ಟು ಜೋರಾಗಿ ಕೂಗುವುದು. ಮತ್ತೆ "ಹ್ಞಾಂ?" ಕೊನೆಗೆ ಕೂಗಿದವರೇ ಬೇಸತ್ತು ಎದ್ದುಹೋಗುವುದು.

ಅತ್ತು ಮುಗಿಸಿದ ಮೇಲೆ ನಾದಿನಿ ಅಡುಗೆಮನೆಗೆ ಬಂದಳು.

"ಅತ್ತಿಗೆ, ಮೊನ್ನೆ ನಾನು ಬಂದಾಗ ಗಂಜಿ ಕುಡೀತಿದ್ರಲ್ಲ. ಇದ್ದಕ್ಕಿದ್ದ ಹಾಗೆ ಯಾಕೆ ಬಿಟ್ಟುಬಿಟ್ರು?"

"ಗೊತ್ತಿಲ್ಲ" ಎಂದಳು ಸೊಸೆ. "ಚಮಚ ತಗೊಂಡು ಹೋದ್ರೆ ಬಾಯಿ ಬಿಗಿ ಹಿಡೀತಿದ್ರು."

ಗಂಡ ಬಾಗಿಲಿನಿಂದಲೇ ಉತ್ತರ ಕೊಟ್ಟ. ಅವನು ಡಾಕ್ಟರನ್ನು ಕೇಳಿದ್ದನಂತೆ. ಆ ವಯಸ್ಸಿಗೆ, ಆ ಸ್ಥಿತಿಗೆ ಹೊಟ್ಟೆಯೇ ಬೇಡ ಅನ್ನುತ್ತದೆ, ಯಾರದೂ ತಪ್ಪಿಲ್ಲ ಅಂದರಂತೆ. ಯಾರದೂ ತಪ್ಪಿಲ್ಲ ಎಂಬ ಮಾತನ್ನು ಅವನು ಎರಡು ಸಲ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

*

ಮಾವನ ಎಡಗಿವಿ ಹುಡುಗನಾಗಿದ್ದಾಗಲೇ ಸೋರಿ ಸೋರಿ ತಮಟೆ ತೂತಾಗಿತ್ತು. ಬಲಗಿವಿ ಹೋದದ್ದು ಗಿರಣಿಯಲ್ಲಿ. ಹಳೆಯ ಡೀಸೆಲ್ ಎಂಜಿನ್ನು ಒಂದು ಬೆಳಿಗ್ಗೆ ಶುರುವಾಗುವಾಗ ಸಿಡಿದ ಹಾಗೆ ಸದ್ದು ಮಾಡಿತು. ಎಂಜಿನ್ನಿಗೆ ಏನೂ ಆಗಲಿಲ್ಲ. ಅದರ ಮೇಲೆ ಬಗ್ಗಿದ್ದವನ ಕಿವಿಯಿಂದ ಸಣ್ಣಗೆ ರಕ್ತ ಇಳಿದು, ಹಿಟ್ಟು ಮೆತ್ತಿದ್ದ ಕಾಲರಿಗೆ ಹತ್ತಿ, ಅಲ್ಲೇ ಉಂಡೆಗಟ್ಟಿತು.

ಕಿವಿ ಡಾಕ್ಟರು ಬೆಳಕು ಬಿಟ್ಟು ನೋಡಿ ಬಿಡಿಸಿ ಹೇಳಿದರಂತೆ. ಸದ್ದು ಬಂದು ತಮಟೆಯ ಚರ್ಮವನ್ನು ಅಲುಗಿಸಬೇಕು, ಅದು ಹಿಂದಿರುವ ಪುಟ್ಟ ಮೂಳೆಗಳನ್ನು ಅಲುಗಿಸಬೇಕು, ಆಗಲೇ ಕೇಳಿಸುವುದು. ತೂತು ಸಣ್ಣದಿದ್ದರೆ ತಾನಾಗಿ ಕೂಡಿಕೊಳ್ಳುತ್ತದೆ. ನಿಮ್ಮದರಲ್ಲಿ ಅಂಚು ಬಿಟ್ಟರೆ ಚರ್ಮವೇ ಇಲ್ಲ, ತೇಪೆ ಹಾಕಬೇಕು. ತೇಪೆ ನಿಲ್ಲಬೇಕಾದರೆ ಕಿವಿ ಕೆಲವು ತಿಂಗಳು ಒಣಗಿರಬೇಕು, ಗಿರಣಿಯ ಕಡೆ ತಲೆ ಹಾಕಬಾರದು. ಗಿರಣಿಯ ಕಡೆ ತಲೆ ಹಾಕದಿದ್ದರೆ ಹೊಟ್ಟೆಗೆ ಏನು ಹಾಕುವುದು ಎಂದು ಮಾವ ಎದ್ದು ಬಂದರು. ಆಮೇಲೆ ಉಳಿದಿದ್ದ ಚೂರುಪಾರನ್ನು ಗಿರಣಿಯ ಸದ್ದು ತಿಂದುಹಾಕಿತು. ಮಗ ಕೊಡಿಸಿದ ಕಿವಿಯಂತ್ರ ಸೋರುವ ಕಿವಿಯಲ್ಲಿ ನಿಲ್ಲದೆ, ಕುಯ್ ಎನ್ನುತ್ತಾ ಮೇಜಿನ ಡ್ರಾಯರಿಗೆ ಸೇರಿತು.

ಮಾವ ಇದನ್ನೆಲ್ಲ ತಮಾಷೆ ಮಾಡಿಕೊಂಡಿದ್ದರು. ಮೂಗು ಹಿಡಿದು ಊದಿದರೆ ಅವರ ಕಿವಿಯಿಂದ ಪುಸ್ಸೆಂದು ಗಾಳಿ ಬರುತ್ತಿತ್ತು. ಬೀದಿಯ ಮಕ್ಕಳು ಸಾಲಾಗಿ ನಿಂತು ಕಿವಿಯ ಹತ್ತಿರ ಅಂಗೈ ಇಟ್ಟು ನೋಡಿ, ಕಿಸಕ್ಕನೆ ನಗುತ್ತಿದ್ದರು. ಯಾರಾದರೂ ಮರುಕ ತೋರಿಸಲು ಬಂದರೆ, ತಮಟೆ ಹರಿದುಹೋದ ಮೇಲೆ ಮೆರವಣಿಗೆ ಗೊಡವೆ ನನಗ್ಯಾಕೆ ಎನ್ನುತ್ತಿದ್ದರು.

ಸೊಸೆ ಆ ಮನೆಗೆ ಬರುವ ಹೊತ್ತಿಗೆ ಗಿರಣಿ ಮುಚ್ಚಿತ್ತು. ಅವಳು ಕಂಡದ್ದು ಹಜಾರದ ಕುರ್ಚಿಯಲ್ಲಿ ಕೂತು ಬೀದಿ ನೋಡುವ ಮಾವನನ್ನು ಮಾತ್ರ.

*

ಜರಡಿಯಮ್ಮ ಬಂದಾಗ ಬಿಸಿಲು ಅಂಗಳಕ್ಕೆ ಇಳಿದಿತ್ತು. ಗಿರಣಿ ನಡೆಯುತ್ತಿದ್ದ ಕಾಲಕ್ಕೆ ಬಾಗಿಲಲ್ಲಿ ಕೂತು ಕಾಳು ಜರಡಿ ಹಿಡಿದು ಕೊಡುತ್ತಿದ್ದ ಹೆಂಗಸು; ಗಿರಣಿ ಮುಚ್ಚಿದರೂ ಹೆಸರು ಉಳಿದಿತ್ತು. ವಾರಕ್ಕೊಮ್ಮೆ ಬಂದು ಯಜಮಾನರನ್ನು ನೋಡಿಕೊಂಡು ಹೋಗುತ್ತಿದ್ದಳು. ಇಬ್ಬರೂ ಎದುರುಬದುರು ಕೂತು ಏನೂ ಮಾತಾಡದೆ ನಗುತ್ತಿದ್ದುದನ್ನು ಸೊಸೆ ನೋಡಿದ್ದಳು. ವಯಸ್ಸಾದವರ ಮಾತು ಮುಗಿದುಹೋಗಿರುತ್ತದೆ ಎಂದುಕೊಂಡಿದ್ದಳು.

ಈಗಲೂ ಮುದುಕಿ ಯಾರನ್ನೂ ಮಾತಾಡಿಸದೆ ಹೋಗಿ ಹೆಣದ ಕಾಲ ಬಳಿ, ಮುಖಕ್ಕೆ ಎದುರಾಗಿ ಕೂತಳು. ಅವಳ ತುಟಿ ಅಲುಗತೊಡಗಿತು. ಸದ್ದಿರಲಿಲ್ಲ. ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದುಕೊಂಡು ಪಕ್ಕದವರು ತಾವೂ ತಲೆ ತಗ್ಗಿಸಿದರು. ನಡುವೆ ಅವಳು ಹುಬ್ಬು ಹಾರಿಸಿದಳು, ತಲೆ ಅಲ್ಲಾಡಿಸಿದಳು, ಏನನ್ನೋ ಬೈದಂತೆ ತುಟಿ ಚಾಚಿದಳು. ಇಂಥ ಪ್ರಾರ್ಥನೆಯನ್ನು ಸೊಸೆ ಎಲ್ಲೂ ಕಂಡಿರಲಿಲ್ಲ.

ಟೀ ಕೊಡುವ ನೆಪದಲ್ಲಿ ಅವಳನ್ನು ಅಡುಗೆಮನೆಗೆ ಕರೆದಳು.

"ಏನು ಮಾಡ್ತಿದ್ರಿ ಅಲ್ಲಿ?"

"ಮಾತಾಡ್ತಿದ್ದೆ" ಎಂದಳು ಜರಡಿಯಮ್ಮ. "ಕೊನೇದಾಗಿ ಬೈದೆ. ನನಗಿಂತ ಮುಂಚೆ ಹೋಗಲ್ಲ ಅಂದಿದ್ರು."

"ಸದ್ದೇ ಇರ್ಲಿಲ್ಲ."

"ಗಿರಣೀಲಿ ಸದ್ದು ಮಾಡಿ ಏನು ಸುಖ ಮಗಳೇ? ಕಲ್ಲು ತಿರುಗ್ತಿದ್ರೆ ನಮ್ಮ ಮಾತು ನಮಗೇ ಕೇಳ್ತಿರ್ಲಿಲ್ಲ. ಎಲ್ಲಾ ತುಟೀಲೇ. ನಾನು ಹತ್ತು ಮಾತಿಗೆ ಐದು ಹಿಡೀತಿದ್ದೆ. ಅವರು ಹತ್ತೂ ಹಿಡೀತಿದ್ರು. ಬಾಗಿಲಾಚೆ ಸರದೀಲಿ ನಿಂತವರು ಆಡಿದ್ದೂ ಬಿಡ್ತಿರ್ಲಿಲ್ಲ."

ಸೊಸೆಯ ಕೈಯಲ್ಲಿದ್ದ ಸೋಸುವ ಜಾಲರಿ ಹಾಗೇ ನಿಂತಿತು.

"ಮನೇಲಿ ಯಾರು ಏನು ಹೇಳಿದ್ರೂ ಗೊತ್ತಾಗ್ತಿರ್ಲಿಲ್ಲ ಅವರಿಗೆ" ಎಂದಳು.

"ಹೇಗೆ ಗೊತ್ತಾಗತ್ತೆ? ಎಲ್ಲಾ ಕಿವಿಗೆ ಬಂದು ಕೂಗ್ತೀರಿ. ಕಿವೀಲಿ ಏನಿದೆ, ತೂತು. ಮುಖ ಕಂಡ್ರೆ ತಾನೇ ಮಾತು ಕಾಣೋದು."

ಮತ್ತೆ ಯಾಕೆ ಅವರು ಹೇಳಲಿಲ್ಲ ಎಂದು ಸೊಸೆ ಕೇಳಿದಳು. ಹೇಳಿದರೆ ಜನ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ, ಆಗ ನಿಜವಾಗಿಯೂ ಕಿವುಡನಾಗುತ್ತೇನೆ ಎನ್ನುತ್ತಿದ್ದರಂತೆ. ಹಾಗೆಂದು ಕಂಡವರ ಗುಟ್ಟು ಕದಿಯುವ ಮನುಷ್ಯರೂ ಅಲ್ಲವಂತೆ. ಇಬ್ಬರು ಹೆಂಗಸರು ಸರದಿಯಲ್ಲಿ ನಿಂತು ಮನೆಯ ಕಷ್ಟ ತೋಡಿಕೊಳ್ಳಲು ಶುರು ಮಾಡಿದರೆ ಸಾಕು, ಯಜಮಾನರು ಕಣ್ಣು ಮುಚ್ಚಿಬಿಡುತ್ತಿದ್ದರಂತೆ. ಗಿರಣಿಯವನಿಗೆ ನಿಂತಲ್ಲೇ ನಿದ್ದೆ ಎಂದು ಜನ ಆಡಿಕೊಳ್ಳುತ್ತಿದ್ದರು.

"ನಿಮ್ಮ ಕಿವಿಗೆ ರೆಪ್ಪೆ ಇಲ್ಲ, ನನ್ನದಕ್ಕೆ ಇದೆ ಅಂತಿದ್ರು" ಎಂದು ಹೇಳಿ ಜರಡಿಯಮ್ಮ ಟೀ ಊದಿಕೊಂಡಳು.

*

ಮಧ್ಯಾಹ್ನ ಮನೆಯಲ್ಲಿ ಇರುತ್ತಿದ್ದವರು ಇಬ್ಬರೇ, ಮಾವ ಮತ್ತು ಸೊಸೆ. ಗಂಡ ಲಿಫ್ಟ್ ರಿಪೇರಿಯವನು. ಊರಿನ ಕಟ್ಟಡಗಳನ್ನೆಲ್ಲ ಮೇಲೆ ಕೆಳಗೆ ಹತ್ತಿ ಇಳಿದು ಕತ್ತಲಾದ ಮೇಲೆ ಬಂದರೆ, ಉಂಡು ಮಲಗಿದನೆಂದರೆ ಮುಗಿಯಿತು. ಕೆಟ್ಟವನಲ್ಲ, ಮಾತು ಕಡಿಮೆ. ಅವಳೋ ತುಂಬಿದ ಮನೆಯಲ್ಲಿ ಬೆಳೆದವಳು, ಮಾತಾಡದಿದ್ದರೆ ಹೊಟ್ಟೆ ಉಬ್ಬುವ ಪೈಕಿ. ಒಂದು ದಿನ ತರಕಾರಿ ಹೆಚ್ಚುತ್ತಾ ಮಾವನ ಕುರ್ಚಿಯ ಎದುರಿಗೆ ಕೂತು ಸುಮ್ಮನೆ ಮಾತಾಡಲು ಶುರು ಮಾಡಿದಳು. ಕೇಳಿಸದವರ ಮುಂದೆ ಮಾತಾಡುವುದರಲ್ಲಿ ಏನು ಹೆದರಿಕೆ? ಮಾರನೆಯ ದಿನವೂ ಕೂತಳು. ಆಮೇಲೆ ಅದು ದಿನದ ಪರಿಪಾಠವಾಯಿತು.

ಮೊದಮೊದಲು ಚಾಡಿ. ನಾದಿನಿ ಬಂದಾಗ ಅಂದದ್ದು, ಟೈಲರನ ಹೆಂಡತಿ ಬಟ್ಟೆ ಹಾಳು ಮಾಡಿದ್ದು. ನೀವು ಲೋಟವನ್ನು ಯಾಕೆ ನೆಲದ ಮೇಲೇ ಇಡ್ತೀರಿ, ನಾನು ಎಡವಿ ಎಡವಿ ಸಾಯ್ತೀನಿ ಎಂದು ನಗುನಗುತ್ತಾ ಬೈದದ್ದೂ ಇತ್ತು. ಮಾರನೆಯ ದಿನದಿಂದ ಲೋಟ ಕಿಟಕಿಯ ಮೇಲೆ ಇರತೊಡಗಿದಾಗ, ಅಂತೂ ಬುದ್ಧಿ ಬಂತು ಎಂದುಕೊಂಡಿದ್ದಳು. ಒಮ್ಮೆ, ಒಂದೇ ಒಂದು ವಾರ ಅಮ್ಮನ ಮನೆಗೆ ಹೋಗಿ ಬರಬೇಕು ಅನ್ನಿಸುತ್ತದೆ, ಕೇಳುವುದಕ್ಕೆ ಬಾಯಿ ಬರುವುದಿಲ್ಲ ಎಂದಿದ್ದಳು. ಆ ರಾತ್ರಿ ಊಟಕ್ಕೆ ಕೂತಾಗ ಮಾವ, ನನಗೆ ಒಂದು ವಾರ ಹೋಟೆಲ್ ಊಟ ತಿನ್ನಬೇಕು ಅನ್ನಿಸ್ತಿದೆ, ಸೊಸೇನ ತವರಿಗೆ ಕಳಿಸು ಎಂದು ಮಗನಿಗೆ ಹೇಳಿದರು. ಮುದುಕನ ನಾಲಿಗೆ ಚಪಲ ನೋಡು ಎಂದು ಎಲ್ಲರೂ ನಕ್ಕರು. ಅವಳೂ ನಕ್ಕಳು.

ಬರಬರುತ್ತಾ ಚಾಡಿ ಮುಗಿದು ಒಳಗಿನದು ಹೊರಗೆ ಬಂತು. ಹುಟ್ಟುವ ಮೊದಲೇ ಹೋದ ಮಗುವಿನ ಬಗ್ಗೆ ಗಂಡನ ಹತ್ತಿರವೂ ಮಾತಾಡದವಳು ಮಾವನ ಹತ್ತಿರ ಮಾತಾಡಿದಳು. ಅದಕ್ಕೆ ಮನಸ್ಸಿನಲ್ಲೇ ಇಟ್ಟಿದ್ದ ಹೆಸರನ್ನೂ ಹೇಳಿದಳು. ಮಾವ ಅವಳನ್ನೇ ನೋಡುತ್ತಾ ಕೂತಿದ್ದರು. ಅಂದೂ ನೋಡುತ್ತಿದ್ದರು, ಯಾವತ್ತೂ ನೋಡುತ್ತಿದ್ದರು. ಪಾಪ, ಬೇರೆ ಏನು ಮಾಡಬೇಕೆಂದು ಗೊತ್ತಾಗದೆ ನೋಡುತ್ತಾರೆ ಎಂದುಕೊಂಡಿದ್ದಳು.

ಆಮೇಲೆ ಮಾವ ಹಾಸಿಗೆ ಹಿಡಿದರು. ಒರೆಸುವುದು, ತಿರುಗಿಸಿ ಮಲಗಿಸುವುದು, ಬಟ್ಟೆ ಬದಲಿಸುವುದು, ರಾತ್ರಿ ಕರೆದಾಗ ಏಳುವುದು. ತಿಂಗಳುಗಟ್ಟಲೆ ಅವಳು ನಿದ್ದೆ ಕಾಣಲಿಲ್ಲ. ಒಂದು ಮಧ್ಯಾಹ್ನ, ಬೆಳಗಿನಿಂದ ಮೂರನೆಯ ಸಲ ಹಾಸಿಗೆಯ ಬಟ್ಟೆ ಬದಲಿಸಿ, ಒದ್ದೆ ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ಎದುರಿನ ಸ್ಟೂಲಿನ ಮೇಲೆ ಕುಸಿದಳು.

"ನನಗೆ ಸಾಕಾಗಿದೆ ಮಾವ" ಎಂದಳು. "ನೀವು ಬೇಗ ಹೋಗಿಬಿಡಿ. ನೀವು ಹೋದ ದಿನ ನಾನು ಯಾರು ಎಬ್ಬಿಸಿದ್ರೂ ಏಳದ ಹಾಗೆ ಮಲಗ್ತೀನಿ."

ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿಗೂ ತ್ರಾಣ ಇರಲಿಲ್ಲ. ಆ ರಾತ್ರಿ ಗಂಜಿಯ ಚಮಚ ತುಟಿಗೆ ತಾಗಿಸಿದಾಗ ಮಾವ ಬಾಯಿ ಬಿಡಲಿಲ್ಲ.

*

ಮಣ್ಣಿಗೆ ಒಯ್ಯುವ ವ್ಯಾನಿನಲ್ಲಿ ಕೂತಾಗಲೂ ಅವಳು ಅದೇ ಒಂದನ್ನು ನೆನಪಿಗೆ ತಂದುಕೊಳ್ಳಲು ನೋಡುತ್ತಿದ್ದಳು. ಆ ಮಾತು ಆಡಿದಾಗ ಮಾವನ ಕಣ್ಣು ತೆರೆದಿತ್ತೋ ಮುಚ್ಚಿತ್ತೋ?

ಉಳಿದದ್ದೆಲ್ಲ ನೆನಪಾಗುತ್ತಿತ್ತು. ಬಟ್ಟೆಯ ಅಂಚಿನ ನೀಲಿ ಪಟ್ಟೆ, ಮಾತ್ರೆಯ ಖಾಲಿ ಸ್ಟ್ರಿಪ್ಪು, ಹೊರಗೆ ಟೈಲರನ ಮಿಷನ್ನು ಓಡಿ ನಿಂತು ಓಡುತ್ತಿದ್ದದ್ದು. ತನ್ನ ಕೈಯ ವಾಸನೆ. ಮಾವನ ಗಲ್ಲದ ನೆರೆತ ಕೂದಲು. ಅದಕ್ಕಿಂತ ಮೇಲೆ ನೆನಪು ಏರುತ್ತಿರಲಿಲ್ಲ. ಬಹುಶಃ ಅವಳು ನೋಡಿರಲೇ ಇಲ್ಲ. ಸುಸ್ತಾದವರು ಎದುರಿನವರ ಮುಖ ನೋಡುತ್ತಾರೆಯೇ? ಮುಚ್ಚಿದ್ದರೆ ಸರಿ, ಇನ್ನು ಮುಂದೆ ಹೇಗೋ ಬದುಕಬಹುದು. ತೆರೆದಿದ್ದರೆ, ಸಾಯಿರಿ ಅಂದಳು, ಅವರು ಸತ್ತರು. ಅಷ್ಟೆ ಲೆಕ್ಕ.

ಗುಂಡಿಯ ಹತ್ತಿರ ಗಂಡ ಅವಳ ಕೈಗೆ ಒಂದು ಹಿಡಿ ಮಣ್ಣು ಕೊಟ್ಟ. ಹಾಕು ಎಂದ. ಹಾಕಿದಳು. ನಾದಿನಿ ಅವಳ ಹೆಗಲ ಮೇಲೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. ಆ ಅಳುವಿನ ಭಾರ ಅವಳ ಹೆಗಲಿಗೆ ಗೊತ್ತಾಗುತ್ತಿತ್ತು, ಅಷ್ಟರಾಚೆ ಅದು ಒಳಗೆ ಇಳಿಯುತ್ತಿರಲಿಲ್ಲ. ಕಲ್ಲು ಮನಸ್ಸು ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಅವಳಿಗೆ ಹೌದೆನ್ನಿಸಿತು.

ಮನೆಗೆ ಮರಳಿದಾಗ ಹಜಾರದಲ್ಲಿ ಮತ್ತೆ ಜನ. ಅವಳು ನೆಟ್ಟಗೆ ಒಲೆಯ ಬಳಿಗೆ ಹೋದಳು. ಅಲ್ಲಿ ಜರಡಿಯಮ್ಮ ಆಗಲೇ ನೀರು ಕಾಯಿಸಿ, ಲೋಟ ತೊಳೆದಿಟ್ಟು ಕಾಯುತ್ತಿದ್ದಳು.

"ಇದನ್ನ ಇಲ್ಲಿಗೆ ಬಿಡು. ನೀನು ಹೋಗಿ ಮಲಗು."

"ಇಷ್ಟು ಜನ ಇರುವಾಗ ಹೇಗೆ ಮಲಗ್ಲಿ?"

"ಮಲಗಬೇಕು. ಯಜಮಾನ್ರು ನನಗೆ ಹೇಳಿದಾರೆ."

ಸೊಸೆ ಎತ್ತಿಕೊಂಡಿದ್ದ ಟೀ ಪುಡಿಯ ಡಬ್ಬಿಯನ್ನು ಕೆಳಗಿಟ್ಟಳು. ಯಾವಾಗ ಎಂದು ಕೇಳಿದಳು. ಜರಡಿಯಮ್ಮ ನೆನಪು ಮಾಡಿಕೊಂಡು ಹೇಳಿದಳು. ಕೊನೆಯ ಸಲ ಬಂದಾಗಂತೆ. ಆ ದಿನ ಸಂಜೆ ಸೊಸೆ ಅವಳನ್ನು ಕಾವಲಿಗೆ ಕೂರಿಸಿ ಔಷಧಿ ಅಂಗಡಿಗೆ ಹೋಗಿದ್ದಳಲ್ಲ, ಆಗ. ಬಾಗಿಲ ಹಿಂದೆ ಒದ್ದೆ ಹಾಸಿಗೆ ಬಟ್ಟೆ ಇನ್ನೂ ಬಕೆಟ್ಟಿನಲ್ಲೇ ಇತ್ತಂತೆ. ಮಾವನಿಗೆ ಅಷ್ಟೊತ್ತಿಗೆ ದನಿ ಹೊರಡುತ್ತಿರಲಿಲ್ಲ, ತುಟಿಯಲ್ಲೇ ಹೇಳಿದರಂತೆ.

"ಏನಂದ್ರು?"

ಜರಡಿಯಮ್ಮ ಅಭ್ಯಾಸಬಲದಿಂದ ತುಟಿ ಮಾತ್ರ ಅಲುಗಿಸಿದಳು. ಸೊಸೆ ಆ ಬಾಯಿಯನ್ನೇ ನೋಡಿದಳು. ಏನೂ ತಿಳಿಯಲಿಲ್ಲ.

"ಬಾಯಿ ಬಿಟ್ಟು ಹೇಳಿ" ಎಂದಳು.

"ನಾನು ಹೋದ ದಿನ ನನ್ನ ಸೊಸೆ ಮಲಗಬೇಕು. ಜನ ಎಬ್ಬಿಸ್ತಾರೆ, ಎಬ್ಬಿಸೋಕೆ ಬಿಡಬೇಡ. ಅಷ್ಟೇ ಅಂದ್ರು. ನಾನು ಬೈದೆ, ಸಂಜೆ ಹೊತ್ತು ಎಂಥ ಮಾತು ಅಂತ. ನಕ್ಕರು." ಮುದುಕಿ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿದಳು. "ಯಾಕೆ ಹಾಗಂದ್ರೋ, ನನಗೊತ್ತಿಲ್ಲ. ನಿನಗೇನಾದ್ರೂ ಹೇಳಿದ್ರಾ?"

"ಇಲ್ಲ" ಎಂದಳು ಸೊಸೆ. "ನನಗೇನೂ ಹೇಳ್ಲಿಲ್ಲ."

ಅವಳ ರೂಮಿನ ತುಂಬ ನಂಟರ ಚೀಲಗಳಿದ್ದವು. ಜರಡಿಯಮ್ಮ ಅವಳ ತೋಳು ಹಿಡಿದು ಮಾವನ ಕೋಣೆಗೆ ಕರೆದುಕೊಂಡು ಹೋಗಿ, ಬರಿ ಮಂಚದ ಮೇಲೆ ಎರಡು ಕಂಬಳಿ ಹಾಸಿ, ತಲೆಗೆ ದಿಂಬು ಕೊಟ್ಟಳು. ಸೊಸೆ, ಹೇಳಿದ ಹಾಗೆ ಕೇಳುವ ಮಗುವಿನಂತೆ, ಮಲಗಿದಳು. ಮುದುಕಿ ಹೊರಗೆ ಹೋಗಿ, ಬಾಗಿಲನ್ನು ಅರ್ಧಕ್ಕೆ ಎಳೆದು, ಹಜಾರದ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ಸರದಿಯಲ್ಲಿ ನಿಂತು ತುಟಿಯಲ್ಲೇ ಮಾತಾಡಿಕೊಳ್ಳುತ್ತಿದ್ದ ಗಿರಣಿಯ ಅಭ್ಯಾಸ ಆ ಬೀದಿಯ ಜನಕ್ಕೆ ಇನ್ನೂ ಮರೆತುಹೋಗಿರಲಿಲ್ಲ. ಒಬ್ಬೊಬ್ಬರಾಗಿ ದನಿ ಇಳಿಸಿದರು, ಆಮೇಲೆ ದನಿಯನ್ನೇ ಬಿಟ್ಟರು.

ಅವಳು ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಬಾಗಿಲ ಸಂದಿಯಲ್ಲಿ ಟೈಲರನ ತುಟಿ ಅಲುಗುತ್ತಿತ್ತು, ನಾದಿನಿಯ ತುಟಿ ಅಲುಗುತ್ತಿತ್ತು. ಲೋಟ ಇಟ್ಟ ಸದ್ದು ಕೂಡ ಇರಲಿಲ್ಲ. ಜನರ ನಡುವೆ ಕೂತಿದ್ದ ಗಂಡ ಒಮ್ಮೆ ಕೋಣೆಯ ಕಡೆ ನೋಡಿದ. ಅವಳು ಎದ್ದಿರುವುದು ಅವನಿಗೆ ಕಾಣಲಿಲ್ಲ. ಮುಖ ತಿರುಗಿಸದೆಯೇ ತಂಗಿಗೆ ಏನೋ ಹೇಳಿದ, ಇಷ್ಟು ವರ್ಷಗಳಲ್ಲಿ ಹೆಂಡತಿಯ ಎದುರಿಗೆ ಎಂದೂ ಆಡದಷ್ಟು ಹೊತ್ತು ಆಡಿದ. ಅವಳು ದಿಂಬಿನಿಂದ ತಲೆ ಎತ್ತಿ, ಮೊಣಕೈ ಊರಿ, ರೆಪ್ಪೆ ಮಿಟುಕಿಸದೆ ಅವನ ತುಟಿಗಳನ್ನೇ ನೋಡುತ್ತಿದ್ದಳು.